‘ಬೋಟ್ ಆಯಿಲ್’ ಅಂದ ಮಾತ್ರಕ್ಕೆ ಮಾಡೆಲ್ ಬೋಟಿಗೆ ಸುರಿಯಬೇಡಿ

ರಿಮೋಟಿನಲ್ಲಿ ಓಡಿಸುವ, ಪೆಟ್ರೋಲ್ ಎಂಜಿನ್ನಿನ ಮಾಡೆಲ್ ಬೋಟ್ ತೆಗೆದುಕೊಳ್ಳುವವರು, ಅದರಲ್ಲೂ ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು, ಇದನ್ನು ಓದಿಬಿಡಿ.

ನನಗೆ ಬೋಟ್ ಮಾರಿದವರು ಜೊತೆಗೆ ಅರ್ಧ ಬಾಟಲಿ ಆಯಿಲನ್ನೂ, ಆಯಿಲ್ ಬೆರೆಸಿಟ್ಟ ಒಂದು ಕ್ಯಾನ್ ಪೆಟ್ರೋಲನ್ನೂ ಕೊಟ್ಟರು. “ಔಟ್‌ಬೋರ್ಡ್ ಮೋಟಾರಿನ ಆಯಿಲ್ ಇದು. ಬೋಟಿಗೆ ಬೋಟ್ ಆಯಿಲೇ ಸರಿ ಅಲ್ವಾ? ಲೀಟರಿಗೆ 20 ಎಂಎಲ್ ಹಾಕಿದ್ರೆ ಸಾಕು” ಅಂದರು. (ಔಟ್‌ಬೋರ್ಡ್ ಅಂದರೆ ನಿಜವಾದ ಬೋಟಿನ ಹಿಂದೆ ಹೊರಗಡೆ ಸಿಕ್ಕಿಸುವ ಮೋಟಾರ್.) ನನ್ನ ಬೋಟಿನ ಎಂಜಿನ್ 26 ಸಿಸಿ, ಟು-ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವಂಥದ್ದು. ಮೊದಮೊದಲು ಚೆನ್ನಾಗಿಯೇ ಓಡಿತು. ಒಂದು ದಿನ ಫುಲ್ ಥ್ರಾಟಲ್‌ನಲ್ಲಿ ಹೋಗುತ್ತಿದ್ದಾಗ ಸದ್ದು ಕೀಚಲಾಯಿತು, ಬೋಟ್ ನೀರಿನ ಮಧ್ಯೆ ನಿಂತುಬಿಟ್ಟಿತು. ದಡಕ್ಕೆ ತಂದು ಸ್ಟಾರ್ಟರ್ ಹಗ್ಗ ಎಳೆದರೆ ಜಪ್ಪಯ್ಯ ಅನ್ನಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಸೈಲೆನ್ಸರ್ ಕಡೆ ಉದ್ದುದ್ದ ಗೀರುಗಳು. ರಿಂಗ್ ಪಿಸ್ಟನ್ನಿಗೇ ಕಚ್ಚಿಕೊಂಡಿತ್ತು. ಕ್ರ್ಯಾಂಕ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಕರಕರ. ಸಿಲಿಂಡರ್, ಪಿಸ್ಟನ್, ಬೇರಿಂಗ್ ಎಲ್ಲಾ ಹೊಸದು ಹಾಕಿಸಬೇಕಾಯಿತು. ಮಾರಿದವರಿಗೆ ಹೇಳಿದರೆ, “ನಮ್ಮ ಹತ್ರ ಇದ್ದಾಗ ಚೆನ್ನಾಗೇ ಓಡ್ತಿತ್ತಲ್ಲ” ಅಂದರು. ಮಾತು ಅಲ್ಲಿಗೇ ಮುಗಿಯಿತು.

ಔಟ್‌ಬೋರ್ಡ್ ಆಯಿಲ್ ಕೆಟ್ಟದ್ದಲ್ಲ. ಬಾಟಲಿ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದಿರುತ್ತದೆ. ಕೆರೆ, ಸಮುದ್ರದ ನೀರಿನಿಂದ ತಣ್ಣಗಾಗುತ್ತಾ ನಿಮಿಷಕ್ಕೆ ಐದಾರು ಸಾವಿರ ಸುತ್ತು ತಿರುಗುವ ದೊಡ್ಡ ಮೋಟಾರಿಗೆ ಅದು ಸರಿ. ನಮ್ಮ ಎಂಜಿನ್ ಹುಟ್ಟಿನಲ್ಲಿ ಹುಲ್ಲು ಕತ್ತರಿಸುವ ಮಷೀನಿನ ಜಾತಿಯದು. ತಣ್ಣಗಿಡಲು ಸಿಲಿಂಡರ್ ಸುತ್ತ ನೀರಿನ ಜಾಕೆಟ್ ಹಾಕಿದ್ದಾರೆ ನಿಜ, ಆದರೆ ಟ್ಯೂನ್ಡ್ ಪೈಪ್ (ಶಕ್ತಿ ಹೆಚ್ಚಿಸುವ ವಿಶೇಷ ಆಕಾರದ ಸೈಲೆನ್ಸರ್) ಇದ್ದರೆ 15,000 ಸುತ್ತು ದಾಟಿಬಿಡುತ್ತದೆ. ಆ ವೇಗದಲ್ಲಿ ಪಿಸ್ಟನ್ ಕಾಯುವ ಕಾವಿಗೆ ಟಿಸಿ-ಡಬ್ಲ್ಯು3 ತಡೆಯುವುದಿಲ್ಲ. ಬಾಟಲಿ ಮೇಲೆ ಬೋಟಿನ ಚಿತ್ರ ಹುಡುಕಬೇಡಿ, ಜಾಸೊ ಎಫ್‌ಡಿ ಅಥವಾ ಐಎಸ್‌ಒ ಇಜಿಡಿ ಅನ್ನುವ ಟು-ಸ್ಟ್ರೋಕ್ ಆಯಿಲಿನ ಗುಣಮಟ್ಟದ ಗುರುತು ಇದೆಯಾ ನೋಡಿ. ಕಾರಿಗೆ ಹಾಕುವ ಫೋರ್-ಸ್ಟ್ರೋಕ್ ಆಯಿಲಂತೂ ಬೇಡವೇ ಬೇಡ.

ಪ್ರಮಾಣ 25:1 ಇರಲಿ, 25 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಅಂದರೆ ಲೀಟರಿಗೆ 40 ಎಂಎಲ್. ನಿಮ್ಮ ಎಂಜಿನ್ ಮಾಡಿದವರು 32:1 ಅಂದಿದ್ದರೆ ಸುಮಾರು 31. ಅಂದಾಜಿಗೆ ಸುರಿಯಬೇಡಿ, ಸಿರಿಂಜಿನಲ್ಲಿ ಅಳೆಯಿರಿ. ಜಾಸ್ತಿ ಆಯಿಲ್ ಹಾಕಿದರೆ ಪ್ಲಗ್ ಕಪ್ಪಾಗುತ್ತೆ ಅಂತ ಹೆದರಿಸುವವರು ಸಿಗುತ್ತಾರೆ. ಪ್ಲಗ್ ಒರೆಸಿ ಮತ್ತೆ ಹಾಕಬಹುದು, ಗೀರು ಬಿದ್ದ ಸಿಲಿಂಡರ್ ಒರೆಸಿದರೆ ಸರಿಹೋಗುತ್ತಾ? ಒಂದು ವಿಷಯ ಮಾತ್ರ ನೆನಪಿರಲಿ: ಆಯಿಲ್ ಜಾಸ್ತಿ ಮಾಡಿದಷ್ಟೂ ಅದೇ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಹಾಗಾಗಿ ಕಾರ್ಬುರೇಟರಿನ ನೀಡಲ್ (ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಸ್ಕ್ರೂ) ಸ್ವಲ್ಪ ತೆರೆಯಬೇಕು.

ಆಯಿಲಿನ ಕಥೆ ಇಷ್ಟು. ಆ ಕ್ಯಾನಿನದು ಬೇರೆಯೇ ಇದೆ. ಉಳಿದಿದ್ದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಸುರಿದು ಬಿಟ್ಟೆ. ಸ್ವಲ್ಪ ಹೊತ್ತಿಗೆ ಎರಡು ಪದರವಾಯಿತು. ಮೇಲೆ ಆಯಿಲ್ ಬಣ್ಣದ ಪೆಟ್ರೋಲ್, ತಳದಲ್ಲಿ ಬೇರೆಯೇ ದ್ರವ. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಎರಡೂ ಸೇರಿ ತಳಕ್ಕಿಳಿಯುತ್ತವೆ. ಇ10, ಅಂದರೆ ಶೇ. 10 ಎಥನಾಲ್ ಇರುವ ಪೆಟ್ರೋಲಿಗೆ ಲೀಟರಿಗೆ ಒಂದು ಟೀ ಚಮಚದಷ್ಟು ನೀರು ಸೇರಿದರೂ ಸಾಕು. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪ್ ಎಲ್ಲಿಂದ ಹೀರುತ್ತದೆ? ತಳದಿಂದ! ಹಾಗಾದಾಗ ಎಂಜಿನ್ನಿಗೆ ಹೋಗುವುದರಲ್ಲಿ ಆಯಿಲ್ಲೇ ಇರುವುದಿಲ್ಲ. ಒದ್ದೆ ಕೈ, ತೆರೆದಿಟ್ಟ ಮುಚ್ಚಳ, ಬೋಟಿನೊಳಗೆ ನಿಂತ ನೀರು... ನಮ್ಮ ಹವ್ಯಾಸದಲ್ಲಿ ಇದಕ್ಕೆ ದಾರಿ ಹತ್ತಾರು.

ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದರೆ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿ. ಮನೆಗೆ ಹೊರಡುವ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೂ ಎಂಜಿನ್ ಓಡಿಸಿ. ಹೈ ಆಕ್ಟೇನ್ ಪೆಟ್ರೋಲಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಕಂಪ್ರೆಷನ್ ಹೆಚ್ಚಿಸಿದ ಎಂಜಿನ್ ಅಲ್ಲದಿದ್ದರೆ ಅದರಿಂದ ವೇಗ ಬರುವುದಿಲ್ಲ. ನೈಟ್ರೋ ಎಂಜಿನ್ನಿನ (ಮೆಥನಾಲ್, ನೈಟ್ರೋಮೀಥೇನ್ ಬೆರೆತ ಇಂಧನದ್ದು) ಸಿಲಿಕಾನ್ ಪೈಪನ್ನೂ ಇಲ್ಲಿ ಬಳಸಬೇಡಿ, ಪೆಟ್ರೋಲಿಗೆ ಉಬ್ಬುತ್ತದೆ.

ಇನ್ನು ಯಾರಾದರೂ ಬೋಟ್ ಜೊತೆ ತುಂಬಿದ ಕ್ಯಾನ್ ಕೊಟ್ಟರೆ, ಬೋಟ್ ತನ್ನಿ, ಕ್ಯಾನನ್ನು ಅವರ ಹತ್ತಿರವೇ ಬಿಟ್ಟು ಬನ್ನಿ.