ಒಬಿಡಿ ಸ್ಕ್ಯಾನರ್: ಕೋಡ್ ಒಂದೂ ಸಿಗಲಿಲ್ಲ, ಲೀಕ್ ಮಾತ್ರ ಸಿಕ್ಕಿಬಿತ್ತು

ಗಾಡಿಯ ಒಬಿಡಿ ಸಾಕೆಟ್ಟಿಗೆ (ಇಂಜಿನ್ ಕಂಪ್ಯೂಟರ್‌ನ ಮಾಹಿತಿ ಸಿಗುವ ಕಿಂಡಿ) ಚುಚ್ಚಿ ಫೋನಿನ ಆಪ್‌ನಲ್ಲಿ ನೋಡುವ ಸಾಧನ ಇದು. ಚೆಕ್ ಇಂಜಿನ್ ದೀಪ ಹತ್ತಿದಾಗ ಕೋಡ್, ಅಂದರೆ ಕಂಪ್ಯೂಟರ್ ಬರೆದಿಡುವ ತಪ್ಪಿನ ಸಂಕೇತ, ಓದೋಕೆ ಅಂತ ಈ ಬ್ಲೂಟೂತ್ ಸ್ಕ್ಯಾನರ್ ಕೊಂಡಿದ್ದೆ. ಬಹುತೇಕ ಎಲ್ಲರೂ ಅದಕ್ಕೇ ಕೊಳ್ಳುವುದು. ಇಷ್ಟು ದಿನ ಬಳಸಿದ ಮೇಲೆ ನನಗನ್ನಿಸುವುದೇ ಬೇರೆ: ಕೋಡ್ ಓದುವುದು ಇದರ ಚಿಕ್ಕ ಕೆಲಸ. ಕೊಟ್ಟ ದುಡ್ಡು ವಸೂಲಾಗುವುದು ಇಂಜಿನ್ ಓಡುವಾಗಲೇ ಅದರ ಸಂಖ್ಯೆಗಳನ್ನು ತೋರಿಸುವ ಲೈವ್ ಡೇಟಾ ಪುಟದಲ್ಲಿ. ಅದು ನನಗೆ ಗೊತ್ತಾಗಿದ್ದು ಗಾಡಿ ಸರ್ವೀಸ್ ಆಗಿ ಬಂದ ಮೇಲೆ ಸುಮ್ನೆ ಸುಮ್ನೆ ಆಫ್ ಆಗೋಕೆ ಶುರುವಾದಾಗ.

ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್ ಬದಲಾಗಿದ್ದವು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು, ಪಿಕಪ್ ಕೂಡ ಚೆನ್ನಾಗಿತ್ತು. ಆದರೆ ಸಿಗ್ನಲ್ ಹತ್ತಿರ ಬಂದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಮುಳ್ಳು 800ರ ಹತ್ತಿರ ನಿಲ್ಲುತ್ತಿರಲಿಲ್ಲ. ಹಾಗೇ ಕೆಳಗಿಳಿದು, ಒಂದು ನಡುಕ ಬಂದು, ಇಂಜಿನ್ ಬಂದ್. ಗಾಡಿ ಇನ್ನೂ ಉರುಳುತ್ತಿರುವಾಗ ಹೀಗಾದರೆ ಸ್ಟೀರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಇದನ್ನು ಸಣ್ಣ ತೊಂದರೆ ಅಂತ ತಳ್ಳಿಹಾಕಬೇಡಿ.

ಸರ್ವೀಸ್ ಮಾಡಿದವರು ಮೊದಲು ಪೆಟ್ರೋಲ್ ಸರಿಯಿಲ್ಲ ಅಂದರು. ಆಮೇಲೆ ಇಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು ಅಂದರು. ನನಗೆ ಮನಸ್ಸು ಒಪ್ಪಲಿಲ್ಲ. ಸರ್ವೀಸ್‌ಗೆ ಮುಂಚೆ ಇಲ್ಲದ ಕಾಯಿಲೆ ಅದರ ಬೆನ್ನಲ್ಲೇ ಬಂತು ಅಂದರೆ ಮೊದಲು ನೋಡಬೇಕಾದ್ದು ಆ ದಿನ ಕೈ ಬಿದ್ದ ಜಾಗಗಳನ್ನೇ ಅಲ್ವಾ?

ಸ್ಕ್ಯಾನರ್ ಚುಚ್ಚಿದೆ. ಕೋಡ್ ಇಲ್ಲ. ಇನ್ನೂ ಖಚಿತವಾಗದ ಪೆಂಡಿಂಗ್ ಕೋಡ್ ಕೂಡ ಇಲ್ಲ. ಎಷ್ಟೋ ಜನ ಇಲ್ಲಿಗೇ ‘ಗಾಡಿ ಸರಿಯಾಗಿದೆ’ ಅಂತ ಆಪ್ ಮುಚ್ಚಿಬಿಡುತ್ತಾರೆ. ಹಾಗೆ ಮುಚ್ಚಬೇಡಿ. ಕೋಡ್ ಅಳಿಸಿದ ಮೇಲೆ ಓಡಿದ ದೂರ ಅಂತ ಒಂದು ಲೆಕ್ಕ ಬಹಳಷ್ಟು ಗಾಡಿಗಳಲ್ಲಿ ಸಿಗುತ್ತದೆ. ನನ್ನದರಲ್ಲಿ ಅದು ಸರ್ವೀಸ್ ಆದ ಮೇಲೆ ಓಡಿಸಿದ ದೂರಕ್ಕೆ ಸರಿಹೊಂದುತ್ತಿತ್ತು. ಕಂಪ್ಯೂಟರ್‌ನ ಸ್ವಂತ ಪರೀಕ್ಷೆಗಳು ಮುಗಿದಿವೆಯಾ ಅಂತ ಹೇಳುವ ರೆಡಿನೆಸ್ ಮಾನಿಟರ್‌ಗಳಲ್ಲಿ ಕೆಲವು ಇನ್ನೂ ‘ಅಪೂರ್ಣ’ ಅಂತ ತೋರಿಸುತ್ತಿದ್ದವು. ಅಂದರೆ ಸರ್ವೀಸ್ ವೇಳೆಯಲ್ಲಿ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತಂತಿ ಬಿಚ್ಚಿದ್ದಾರೆ. ಇಂಜಿನ್ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನು ಇನ್ನೂ ಮುಗಿಸಿಯೇ ಇರಲಿಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅಂತ ಹೇಳುವ ಪಿ0171 ಥರದ ಕೋಡ್ ಒಂದು ಮಿತಿ ದಾಟಿದ ಮೇಲೆಯೇ ಬರುವುದು. ದೀಪ ಹತ್ತುವುದಕ್ಕೆ ಸಾಮಾನ್ಯವಾಗಿ ಎರಡು ಓಟದಲ್ಲಿ ಅದೇ ತಪ್ಪು ಕಾಣಬೇಕು. ಕೋಡ್ ಇಲ್ಲ ಅಂದ ಮಾತ್ರಕ್ಕೆ ತಪ್ಪಿಲ್ಲ ಅಂತ ಅರ್ಥವಲ್ಲ.

ಆಮೇಲೆ ಫ್ಯೂಯಲ್ ಟ್ರಿಮ್ ತೆರೆದೆ. ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಹಾಕುತ್ತಿದ್ದೇನೆ ಅಂತ ಇಂಜಿನ್ ಕಂಪ್ಯೂಟರ್ ಹೇಳುವ ಶೇಕಡಾವಾರು ಸಂಖ್ಯೆ ಅದು. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಓಡುತ್ತಾ ಕಲಿತದ್ದು) ಎರಡನ್ನೂ ಕೂಡಿಸಿ ನೋಡಬೇಕು. ಸೊನ್ನೆಯ ಆಚೆ ಈಚೆ ಇದ್ದರೆ ಒಳ್ಳೆಯದು, 10 ದಾಟಿದರೆ ಅನುಮಾನ. ನನ್ನ ಗಾಡಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಪ್ಲಸ್ 22 ತೋರಿಸುತ್ತಿತ್ತು. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂನಲ್ಲಿ ಹಿಡಿದರೆ ಅದೇ ಸಂಖ್ಯೆ 4ಕ್ಕೆ ಇಳಿಯುತ್ತಿತ್ತು.

ಈ ಇಳಿತವೇ ಸುಳಿವು. ಥ್ರಾಟಲ್ ಆದ ಮೇಲೆ ಎಲ್ಲೋ ಕಳ್ಳ ಗಾಳಿ ನುಗ್ಗುತ್ತಿದೆ. ಐಡಲ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಅಲ್ಲಿ ಆ ಕಳ್ಳ ಗಾಳಿಯ ಪಾಲು ದೊಡ್ಡದು. ವೇಗ ಹೆಚ್ಚಿದಂತೆ ಆ ಪಾಲು ಕರಗಿಹೋಗುತ್ತದೆ. ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ತೊಂದರೆಯಾಗಿದ್ದರೆ ಉಲ್ಟಾ ಆಗುತ್ತಿತ್ತು, ಲೋಡ್ ಬಿದ್ದಾಗ ಟ್ರಿಮ್ ಏರುತ್ತಿತ್ತು. ಒಂದು ಮಾತು ಸೇರಿಸಬೇಕು: ಒಳಬರುವ ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಇಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ ಇದ್ದರೆ ಟ್ರಿಮ್ ಇಷ್ಟು ಸ್ಪಷ್ಟವಾಗಿ ಬಾಯಿ ಬಿಡುವುದಿಲ್ಲ, ಐಡಲ್ ಏರಿ ಕೂರುವುದೇ ಜಾಸ್ತಿ.

ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬಾರದು, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಫೋನನ್ನು ಗಾಜಿನ ಹತ್ತಿರ ಇಟ್ಟು, ಫ್ಯಾನ್ ಮತ್ತು ಬೆಲ್ಟ್‌ನಿಂದ ಕೈ ದೂರ ಇಟ್ಟುಕೊಂಡು, ಒಂದೊಂದೇ ಪೈಪನ್ನು ಮುಟ್ಟುತ್ತಾ ಹೋದೆ. ಆಯಿಲ್ ಮುಚ್ಚಳ ಸರಿ. ಡಿಪ್‌ಸ್ಟಿಕ್ ಕೂತಿದೆ. ಮ್ಯಾನಿಫೋಲ್ಡ್ ಹಿಂಬದಿಗೆ ಕೈ ಹಾಕಿದಾಗ ಇಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡ್‌ಗೆ ವಾಪಸ್ ಬಿಡುವ ಪಿಸಿವಿ ವಾಲ್ವ್‌ನಿಂದ ಬರುವ ಪೈಪ್ ಸಿಕ್ಕಿತು. ಪ್ಲಗ್ ಬದಲಿಸುವಾಗ ಅಡ್ಡ ಬರುತ್ತದೆ ಅಂತ ಕಿತ್ತಿರಬೇಕು. ವಾಪಸ್ ಹಾಕುವಾಗ ಅರ್ಧಕ್ಕೇ ನಿಲ್ಲಿಸಿದ್ದರು, ಕ್ಲಿಪ್ ಅದರ ಜಾಗಕ್ಕೆ ಬಂದಿರಲಿಲ್ಲ. ಬೆರಳಿಟ್ಟರೆ ತಣ್ಣಗೆ ಗಾಳಿ ಒಳಗೆ ಎಳೆಯುತ್ತಿತ್ತು.

ಹೆಬ್ಬೆರಳಿನಿಂದ ಒತ್ತಿ ಹಿಡಿದು ಫೋನ್ ನೋಡಿದೆ. ಶಾರ್ಟ್ ಟರ್ಮ್ ಟ್ರಿಮ್ ಸರಸರನೆ ಇಳಿದು ಸೊನ್ನೆಯ ಕೆಳಗೆ ಮೈನಸ್‌ಗೆ ಹೋಯಿತು. ಲಾಂಗ್ ಟರ್ಮ್‌ನಲ್ಲಿ ಇಷ್ಟು ದಿನ ಕಲಿತಿದ್ದ ಜಾಸ್ತಿ ಪೆಟ್ರೋಲನ್ನು ಇಂಜಿನ್ ವಾಪಸ್ ಕಳೆಯುತ್ತಿತ್ತು. ಇಂಜಿನ್ ಸದ್ದೂ ಜೊತೆಗೇ ಸಮವಾಯಿತು. ಬೆರಳು ತೆಗೆದರೆ ಮತ್ತೆ ನಡುಕ, ಮತ್ತೆ ಪ್ಲಸ್. ಆ ಸಂತೋಷವನ್ನು ಹೇಗೆ ಹೇಳಲಿ! ಪೈಪನ್ನು ಪೂರ್ತಿ ಒಳಕ್ಕೆ ತಳ್ಳಿ ಕ್ಲಿಪ್ ಸರಿಸಿದೆ. ಆಮೇಲೆ ಗಾಡಿ ಎಲ್ಲೂ ನಿಂತಿಲ್ಲ. ಥ್ರಾಟಲ್ ಬಾಡಿ ಇವತ್ತಿಗೂ ಹಳೆಯದೇ.

ಅಂದಿನಿಂದ ಬೆಳಗಿನ ಒಂದು ಅಭ್ಯಾಸ ಬೆಳೆದಿದೆ. ಸ್ಟಾರ್ಟ್ ಮಾಡುವ ಮುಂಚೆ ಇಗ್ನಿಷನ್ ಮಾತ್ರ ಆನ್ ಮಾಡಿ, ಕೂಲಂಟ್ ಮತ್ತು ಒಳಗಾಳಿಯ ಉಷ್ಣಾಂಶ ನೋಡುತ್ತೇನೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಎಲ್ಲೋ ದೂರ ನಿಂತಿದ್ದರೆ ಆ ಸೆನ್ಸರ್ ಮೇಲೆ ಕಣ್ಣಿಡಬೇಕು. ಆಮೇಲೆ ಕೀ ತಿರುಗಿಸುತ್ತೇನೆ. ವೋಲ್ಟೇಜ್ ಒಮ್ಮೆ ಕುಸಿದು 14ರ ಹತ್ತಿರಕ್ಕೆ ಏರುತ್ತದೆ. ಕೂಲಂಟ್ ನಿಧಾನಕ್ಕೆ 90ರ ಕಡೆ ಹತ್ತುವುದನ್ನು ನೋಡುತ್ತಾ ಕೂರುವುದು ನನಗೆ ಇಷ್ಟ. ಹೊರಟ ಮೇಲೆ ಫೋನ್ ಮುಟ್ಟುವುದಿಲ್ಲ, ರೆಕಾರ್ಡಿಂಗ್ ಹಾಕಿ ಬಿಟ್ಟರೆ ಆಮೇಲೆ ನೋಡಬಹುದು.

ಇಷ್ಟೆಲ್ಲ ಹೊಗಳಿದ ಮೇಲೆ ಬೇಜಾರನ್ನೂ ಹೇಳಬೇಕು. ಗೆಳೆಯನ ಗಾಡಿ ಬ್ಯಾಟರಿ ಬದಲಿಸಿದ ಮೇಲೆ ಇದೇ ಥರ ಆಫ್ ಆಗೋಕೆ ಶುರುವಾಯಿತು. ಸ್ಕ್ಯಾನರ್ ಹಾಕಿದರೆ ಟ್ರಿಮ್ ಎಲ್ಲ ಸರಿಯಾಗಿತ್ತು, ಐಡಲ್ ಮಾತ್ರ ತೀರಾ ಕೆಳಗೆ. ಮಸಿ ಕಟ್ಟಿದ ಥ್ರಾಟಲ್‌ಗೆ ತಕ್ಕಂತೆ ಎಷ್ಟು ತೆರೆಯಬೇಕು ಅಂತ ಕಂಪ್ಯೂಟರ್ ಕಲಿತಿತ್ತು. ಬ್ಯಾಟರಿ ಬಿಚ್ಚಿದಾಗ ಅದು ಮರೆತುಹೋಗಿತ್ತು. ಥ್ರಾಟಲ್ ಸ್ವಚ್ಛ ಮಾಡಿ ಐಡಲ್ ಮತ್ತೆ ಕಲಿಸಬೇಕಿತ್ತು. ನನ್ನ ಸ್ಕ್ಯಾನರ್‌ಗೆ ಅದು ಬರುವುದಿಲ್ಲ! ಕಾಯಿಲೆ ಕಣ್ಣೆದುರಿಗಿದೆ, ಕೈ ಕಟ್ಟಿಹಾಕಿದೆ. ಕೊನೆಗೆ ಆ ಕಂಪನಿ ಗಾಡಿಗಳ ಟೂಲ್ ಇರುವವರ ಹತ್ತಿರ ಹೋಗಬೇಕಾಯಿತು. ಎಬಿಎಸ್, ಏರ್‌ಬ್ಯಾಗ್ ಕಡೆಗೂ ಇದು ಇಣುಕುವುದಿಲ್ಲ.

ವೇಗವೂ ಸಾಲದು. ಪರದೆ ತುಂಬ ಮೀಟರ್ ಹಾಕಿಕೊಂಡರೆ ಸಂಖ್ಯೆಗಳು ಎಳೆದಾಡುತ್ತವೆ. ಇಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಕಣ್ಣು ಮಿಟುಕಿಸುವಷ್ಟು ಹೊತ್ತು ಕೈಕೊಟ್ಟು ಇಂಜಿನ್ ನಿಂತರೆ ಇದರ ಕಣ್ಣಿಗೆ ಬೀಳದೇ ಇರಬಹುದು. ಮೂರೋ ನಾಲ್ಕೋ ಮಾತ್ರ ಇಟ್ಟುಕೊಳ್ಳಿ: ಆರ್‌ಪಿಎಂ, ಎರಡೂ ಟ್ರಿಮ್, ವೋಲ್ಟೇಜ್. ಇನ್ನೊಂದು, ಒಬಿಡಿ ಸಾಕೆಟ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ. ಗಾಡಿ ಆಫ್ ಮಾಡಿದರೂ ಸ್ಕ್ಯಾನರ್ ಎದ್ದೇ ಇರುತ್ತದೆ. ಜಾಸ್ತಿ ದಿನ ನಿಲ್ಲಿಸುವಾಗ ಕಿತ್ತಿಡಲೇಬೇಕು. ಆನ್-ಆಫ್ ಗುಂಡಿ ಇರುವ ಮಾಡೆಲ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಐಫೋನ್ ಇರುವವರು ಕೊಳ್ಳುವ ಮುಂಚೆ ತಮ್ಮ ಫೋನ್‌ಗೆ ಹೊಂದುತ್ತದಾ ಅಂತ ನೋಡಿ, ಹಳೆ ಬ್ಲೂಟೂತ್ ಮಾಡೆಲ್‌ಗಳು ಅದರ ಜೊತೆ ಸೇರುವುದಿಲ್ಲ.

ಹಳೆ ಗಾಡಿ, ಹಿಡಿತದ ಬಜೆಟ್ ಇರುವ ನನ್ನಂಥವರಿಗೆ ಇದು ಬೇಕೇ ಬೇಕು. ಗಾಡಿ ಇನ್ನೂ ವಾರಂಟಿಯಲ್ಲಿದ್ದು ಕೈ ಮಸಿ ಮಾಡಿಕೊಳ್ಳುವ ಆಸೆ ಇಲ್ಲದವರಿಗೆ ಅಷ್ಟು ಬೇಡ. ಕೊಂಡರೆ ಆಪ್‌ನಲ್ಲಿರುವ ಕೋಡ್ ಅಳಿಸುವ ಗುಂಡಿಯಿಂದ ಬೆರಳು ದೂರ ಇರಲಿ. ಅದು ಕೋಡ್ ಜೊತೆಗೆ ತಪ್ಪು ನಡೆದ ಕ್ಷಣದ ಫ್ರೀಜ್ ಫ್ರೇಮ್ ದಾಖಲೆಯನ್ನೂ ಒರೆಸಿಹಾಕುತ್ತದೆ. ಗಾಡಿಯನ್ನು ಸರ್ವೀಸ್‌ಗೆ ಬಿಡುವ ಮುಂಚೆ, ಇಂಜಿನ್ ಬಿಸಿಯಿರುವಾಗ, ಐಡಲ್‌ನಲ್ಲಿ ಒಮ್ಮೆ ಮತ್ತು 2500ರಲ್ಲಿ ಒಮ್ಮೆ ಟ್ರಿಮ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ವಾಪಸ್ ತರುವಾಗ ಅಲ್ಲೇ ನಿಂತು ಮತ್ತೆ ತೆಗೆಯಿರಿ. ಎರಡರಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಬಿಲ್ ಕಟ್ಟುವ ಮುಂಚೆಯೇ ಬಾನೆಟ್ ತೆಗೆಸಿ.