ಹಾಳೆ, ಸ್ಟಿಕ್ಕರ್, ಸ್ಟ್ಯಾಂಡು, ಕೂಗುವ ಡಬ್ಬ: ಯಾವ ಅಂಗಡಿಗೆ ಯಾವ ಕ್ಯೂಆರ್ ಕೋಡ್?

ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮದ ಗುಡ್ಡೆ ಪಕ್ಕ, ಹೂವಿನ ಸಾಲಲ್ಲಿ, ಮದ್ದೂರಿನ ಎಳನೀರು ಗಾಡಿ ಮೇಲೆ, ರೈಲಿನಲ್ಲಿ ವಡೆ ಮಾರುವವರ ಕತ್ತಿನಲ್ಲಿ ಇರುವುದು ಅದೇ ಕಪ್ಪು-ಬಿಳುಪು ಚೌಕ. ಕೈಕೊಡುವ ಕಾರಣ ಮಾತ್ರ ಒಂದೊಂದು ಕಡೆ ಒಂದೊಂದು. ಹೂವಿನವರಿಗೆ ನೀರು, ಕುಂಕುಮದವರಿಗೆ ಪುಡಿ, ಎಳನೀರಿನವರಿಗೆ ಬಿಡುವಿಲ್ಲದ ಕೈ, ವಡೆಯವರಿಗೆ ಅಲುಗಾಟ. ಆದ್ದರಿಂದ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು, ನಿಮ್ಮ ಕೋಡಿಗೆ ಏನು ಬಡಿಯುತ್ತದೆ ಅಂತ ನೋಡಿ.

ಎಲ್ಲಕ್ಕಿಂತ ಅಗ್ಗ ಲ್ಯಾಮಿನೇಷನ್ ಹಾಳೆ. ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಅಂತಲೇ ಕೇಳಿ. ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಹರಡುತ್ತದೆ. ಹೂವಿಗೆ ಗಂಟೆಗೊಮ್ಮೆ ನೀರು ಚಿಮುಕಿಸುವ ಕಡೆ ಹಾಳೆಯ ಅಂಚಿಗೇ ತಾಗಿಸಿ ಲ್ಯಾಮಿನೇಷನ್ ಕತ್ತರಿಸಿದರೆ ನೀರು ಒಳಕ್ಕೆ ಇಳಿಯುತ್ತದೆ. ಸುತ್ತ 4 ಮಿ.ಮೀ. ಪ್ಲಾಸ್ಟಿಕ್ ಉಳಿಸಿ. ಇದರ ದೊಡ್ಡ ಕೊರತೆ ಹೊಳಪು. ಟ್ಯೂಬ್‌ಲೈಟಿನ ಪ್ರತಿಬಿಂಬ ಮೂಲೆಯ ದೊಡ್ಡ ಚೌಕದ ಮೇಲೆ ಕೂತರೆ ಕ್ಯಾಮೆರಾ ಕೋಡನ್ನೇ ಗುರುತಿಸುವುದಿಲ್ಲ. ಕೋಡ್ ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಫೋನಿಗೆ ಹೇಳುವುದೇ ಆ ಮೂರು ಚೌಕ. ಹಾಳೆಯನ್ನು ಕೊಂಚ ಮುಂದಕ್ಕೆ ಬಾಗಿಸಿ ತೂಗುಹಾಕಿದರೆ ಮುಕ್ಕಾಲು ತೊಂದರೆ ಮುಗಿಯಿತು.

ವಿನೈಲ್ ಸ್ಟಿಕ್ಕರ್ ನೀರಿಗೆ ಜಗ್ಗುವುದಿಲ್ಲ. ಆದರೆ ಕಂಬಕ್ಕೋ ಡ್ರಮ್ಮಿಗೋ ಸುತ್ತಿದರೆ ಕೋಡ್ ಬಾಗುತ್ತದೆ, ಎಳೆದು ಅಂಟಿಸಿದರೆ ಚೌಕ ಆಯತವಾಗುತ್ತದೆ. ಸಮತಟ್ಟು ಜಾಗ ಬೇಕೇ ಬೇಕು. ಇದಕ್ಕಿಂತ ಕೆಟ್ಟದ್ದು, ಇದರ ಮೇಲೆ ಇನ್ನೊಬ್ಬರು ತಮ್ಮ ಸ್ಟಿಕ್ಕರ್ ಅಂಟಿಸುವುದು ಬಲು ಸುಲಭ. ಕೋಡನ್ನು ಮನುಷ್ಯರ ಕಣ್ಣು ಓದಲಾರದು, ಹಾಗಾಗಿ ಬದಲಾದದ್ದು ಗೊತ್ತೇ ಆಗುವುದಿಲ್ಲ. ಬಾಗಿಲು ತೆಗೆದ ಕೂಡಲೇ ಬೆರಳಿನಿಂದ ಅಂಚು ಸವರಿ ನೋಡಿ. ಎರಡು ಪದರ ಇದ್ದರೆ ಕೈಗೆ ತಿಳಿಯುತ್ತದೆ. ಆಮೇಲೆ ಮನೆಯವರ ಫೋನಿನಿಂದ ಸ್ಕ್ಯಾನ್ ಮಾಡಿ, ಹೆಸರು ಬರುವ ತನಕ ಹೋಗಿ ವಾಪಸ್ ಬನ್ನಿ. ಪರದೆಯಲ್ಲಿ ಬರುವುದು ಎಷ್ಟೋ ಸಲ ಅಂಗಡಿ ಹೆಸರಲ್ಲ, ಖಾತೆದಾರರ ಹೆಸರು. ಗಿರಾಕಿ ಅಲ್ಲೇ ತಡವರಿಸುತ್ತಾರೆ. ಕೋಡಿನ ಕೆಳಗೆ ‘ಸ್ಕ್ಯಾನ್ ಮಾಡಿದಾಗ ಈ ಹೆಸರು ಬರಬೇಕು’ ಎಂದು ದಪ್ಪ ಕನ್ನಡದಲ್ಲಿ ಬರೆಸಿದರೆ ಅನುಮಾನವೂ ಹೋಯಿತು, ಮೋಸಕ್ಕೆ ಅಡ್ಡಿಯೂ ಆಯಿತು.

ಅಕ್ರಿಲಿಕ್ ಸ್ಟ್ಯಾಂಡ್ ನೋಡಲು ಅಂದ. ಕುಂಕುಮ, ಅರಿಶಿನ, ಅಗರಬತ್ತಿ ಅಂಗಡಿಗೆ ಮಾತ್ರ ಇದು ತಲೆನೋವು. ಒಣ ಬಟ್ಟೆಯಿಂದ ಉಜ್ಜಿದಷ್ಟೂ ಅಕ್ರಿಲಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಇನ್ನಷ್ಟು ಪುಡಿ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಇಲ್ಲೊಂದು ತಮಾಷೆ ಇದೆ: ಕುಂಕುಮ ಮೆತ್ತಿದ ಕೋಡ್ ಹಠ ಮಾಡುವಷ್ಟು ಅರಿಶಿನ ಮೆತ್ತಿದ್ದು ಮಾಡುವುದಿಲ್ಲ. ಫೋನು ನೋಡುವುದು ಬಣ್ಣವನ್ನಲ್ಲ, ಬೆಳಕು-ಕತ್ತಲೆಯನ್ನು. ಅದರ ಲೆಕ್ಕದಲ್ಲಿ ತೆಳು ಹಳದಿ ಹೆಚ್ಚುಕಮ್ಮಿ ಬಿಳಿ. ಕೆಂಪು ಕಪ್ಪಿನ ಕಡೆಗೆ ವಾಲುತ್ತದೆ. ಬಿಳಿ ಮನೆಗಳೆಲ್ಲ (ಕೋಡಿನ ಪುಟ್ಟ ಚೌಕಗಳು) ಕಪ್ಪಾಗಿ ಕಂಡರೆ ಓದುವುದು ಹೇಗೆ?

ಹಾಗಂತ ಸ್ವಲ್ಪ ಕೊಳೆಗೆಲ್ಲ ಕೋಡ್ ಸೋಲುವುದಿಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ಮಸಾಹಿರೊ ಹಾರಾ ಮತ್ತು ಸಂಗಡಿಗರು ಇದನ್ನು ಮಾಡಿದ್ದೇ ವಾಹನದ ಬಿಡಿಭಾಗಗಳ ಕಾರ್ಖಾನೆಗೆ, ಎಣ್ಣೆ-ಧೂಳಿನ ಜಾಗಕ್ಕೆ. ಅಳಿಸಿಹೋದದ್ದನ್ನು ತುಂಬಿಕೊಳ್ಳುವ ಶಕ್ತಿ ನಾಲ್ಕು ಮಟ್ಟದಲ್ಲಿದೆ: ಸುಮಾರು ಶೇ. 7, 15, 25, 30. ಆದರೆ ಮೂಲೆಯ ಮೂರು ಚೌಕಗಳಿಗೆ ಈ ರಕ್ಷಣೆ ಇಲ್ಲ. ನಡುವೆ ದೇವರ ಪಟವನ್ನೋ ಲೋಗೋವನ್ನೋ ಕೂರಿಸಿದರೆ, ಕೊಳೆಗೆಂದು ಇಟ್ಟ ಗಂಟನ್ನೇ ಮೊದಲ ದಿನವೇ ಖರ್ಚು ಮಾಡಿದಂತೆ.

ಅಳತೆ ವಿಷಯಕ್ಕೆ ಬಂದರೆ, ಸ್ಕ್ಯಾನ್ ಮಾಡುವ ದೂರದ ಹತ್ತರಲ್ಲಿ ಒಂದು ಪಾಲು ಅಗಲ ಇರಲಿ. ಹೂವಿನ ರಾಶಿಯ ಆಚೆ ನಿಂತು 1 ಮೀಟರಿನಿಂದ ಮಾಡುವುದಾದರೆ 10 ಸೆಂ.ಮೀ. ಬೇಕು. ಕೋಡಿನ ಸುತ್ತ ನಾಲ್ಕು ಮನೆಯಷ್ಟು ಬಿಳಿ ಜಾಗ ಬಿಡಲೇಬೇಕು. ಡಿಸೈನ್ ಮಾಡುವವರು ಬಾರ್ಡರ್ ಎಳೆದು ಅದನ್ನು ತಿಂದುಬಿಡುತ್ತಾರೆ. ಕೋಡನ್ನು ನೀವೇ ಮಾಡಿಕೊಳ್ಳುವುದಾದರೆ ಅಂಗಡಿಯ ಕನ್ನಡ ಹೆಸರು ಅದರ ಒಳಗೆ ಬೇಡ. ‘ಚಾಮುಂಡಿ’ ಎಂಬುದರಲ್ಲಿ ಕಂಪ್ಯೂಟರ್ ಲೆಕ್ಕಕ್ಕೆ 7 ಸಂಕೇತ, ಒಂದೊಂದಕ್ಕೆ 3 ಬೈಟ್. ಲಿಂಕಿನೊಳಗೆ ಹೋದಾಗ ಒಂದೊಂದು ಬೈಟಿಗೂ 3 ಅಕ್ಷರ ಬೇಕಾಗಿ ಅದು 63 ಅಕ್ಷರಕ್ಕೆ ಹಿಗ್ಗುತ್ತದೆ. ಇಂಗ್ಲಿಷಿನಲ್ಲಿ ಎಂಟೇ. ಒಟ್ಟು 60 ಅಕ್ಷರದ ಲಿಂಕು ಶೇ. 15ರ ಮಟ್ಟದಲ್ಲಿ 33 ಮನೆ ಅಗಲದ ಕೋಡಿನಲ್ಲಿ ಹಿಡಿಯುತ್ತದೆ. ಅದರಲ್ಲಿನ ಹೆಸರು ಕನ್ನಡಕ್ಕೆ ತಿರುಗಿ 115 ಆದರೆ 45 ಮನೆ ಬೇಕು. ಆರು ಸೆಂಟಿಮೀಟರ್ ಅಗಲದ ಕೋಡಿನಲ್ಲಿ ಒಂದು ಮನೆ 1.8 ಮಿ.ಮೀ.ಯಿಂದ 1.3ಕ್ಕೆ ಕುಗ್ಗುತ್ತದೆ. ಕನ್ನಡ ಹೊರಗೆ ಇರಲಿ, ದೊಡ್ಡದಾಗಿ ಇರಲಿ. ಬ್ಯಾಂಕ್ ಕೊಟ್ಟ ಕೋಡಾದರೆ ಇದ್ದ ಹಾಗೇ ಬಳಸಿ.

ವಡೆ ಬುಟ್ಟಿಯವರ ಕತ್ತಿನ ಕಾರ್ಡಿಗೆ ಈ ಲೆಕ್ಕ ಬಹಳ ಮುಖ್ಯ. ರೈಲು ಅಲುಗುತ್ತದೆ, ಕಾರ್ಡು ತಿರುಗುತ್ತದೆ, ಸಣ್ಣ ಮನೆಗಳು ಮಸುಕಾಗುತ್ತವೆ. ಎರಡೂ ಮಗ್ಗುಲಲ್ಲಿ ಒಂದೇ ಕೋಡ್ ಹಾಕಿಸಿ, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ.

ಎಳನೀರಿನವರಿಗೆ ಸೌಂಡ್‌ಬಾಕ್ಸ್ ಬಿಟ್ಟರೆ ಬೇರೆ ಯಾವುದನ್ನೂ ನಾವು ಹೇಳುವುದಿಲ್ಲ. ಕೈಯಲ್ಲಿ ಮಚ್ಚು, ಒದ್ದೆ ಬೆರಳು. ‘ಅಣ್ಣೋ, ಹಾಕಿವ್ನಿ ನೋಡ್ಕಳಿ’ ಎಂದು ಗಿರಾಕಿ ಫೋನು ತೋರಿಸಿದರೆ ನೋಡಲು ಪುರಸೊತ್ತೆಲ್ಲಿ? ಗೆದ್ದ ಹಾಗೆ ಕಾಣುವ ಆ ಹಸಿರು ಟಿಕ್ಕನ್ನು ನಕಲಿ ಆ್ಯಪ್ ಕೂಡ ತೋರಿಸುತ್ತದೆ. ಡಬ್ಬ ಕನ್ನಡದಲ್ಲಿ ಮೊತ್ತ ಕೂಗಿದರೆ ಆಯಿತು. ತಿಂಗಳ ಬಾಡಿಗೆ, ಆಗಾಗ ಬ್ಯಾಟರಿ ಚಾರ್ಜು ಮಾಡುವ ಕೆಲಸ ಇದರ ಬೆಲೆ. ಒಳಗೆ ಸಿಮ್ ಇರುತ್ತದೆ, ತಗಡಿನ ಪೆಟ್ಟಿಗೆಯೊಳಗೆ ಇಟ್ಟರೆ ಸಿಗ್ನಲ್ ಸಿಗದು. ಜಂಬೂ ಸವಾರಿ ದಿನದಂಥ ಜನಸಾಗರದಲ್ಲಿ ನೆಟ್‌ವರ್ಕ್ ಉಸಿರುಗಟ್ಟಿ ಡಬ್ಬ ತಡವಾಗಿ ಕೂಗಬಹುದು, ಕೂಗದೆಯೂ ಇರಬಹುದು. ಡಬ್ಬ ಸುಮ್ಮನಿದ್ದರೆ ಹಣ ಬಂದಿಲ್ಲ ಎಂದೇನಲ್ಲ. ಜಗಳಕ್ಕೆ ಮೊದಲು ವ್ಯಾಪಾರಿ ಆ್ಯಪಿನಲ್ಲಿ 12 ಅಂಕಿಯ ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತು ಸಂಖ್ಯೆ) ಹೊಂದಿಸಿ ನೋಡಿ. ಗಿರಾಕಿ ಖಾತೆಯಿಂದ ಕಳೆದು ಅಂಗಡಿಗೆ ಖಾತರಿ ಬರದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವಹಿವಾಟಿನ ದಿನದಿಂದ 5 ದಿನದೊಳಗೆ ಹಣ ತಾನಾಗಿ ಗಿರಾಕಿಗೆ ಹಿಂದಿರುಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ.

ಬಿಲ್ಲಿಂಗ್ ಪರದೆಯ ಕೋಡಿನಲ್ಲಿ ಮೊತ್ತವೂ ಒಳಗೇ ಇರುತ್ತದೆ. 400 ಹೋಗಿ 40 ಆಗುವ ತಪ್ಪಿಲ್ಲ, ಲೆಕ್ಕ ಬಿಲ್ಲಿಗೆ ತಾನೇ ಕೂಡುತ್ತದೆ. ರೇಷ್ಮೆ ಸೀರೆ ಅಂಗಡಿಗೆ, ಬೇಕರಿಗೆ ಸರಿ. ಮೊಳ ಹೂವಿಗೆ ಬಿಲ್ಲು ಹೊಡೆಯುತ್ತ ಕೂತರೆ ಸಾಲು ಬೆಳೆಯುತ್ತದೆ. ಬಿಸಿಲಿಗೆ ಪರದೆ ಕಾಣುವುದೂ ಇಲ್ಲ.

ಯಾವುದನ್ನೇ ಇಟ್ಟರೂ ಬ್ಯಾಂಕ್ ಖಾತೆ ಬದಲಿಸಿದಾಗ ಒಂದು ಕೆಲಸ ಮರೆಯಬೇಡಿ. ಅಚ್ಚಾದ ಕೋಡ್ ಹಳೆಯ ಯುಪಿಐ ಐಡಿಯನ್ನೇ (ಹಣ ಸೇರುವ ವಿಳಾಸ) ಹೇಳುತ್ತಿರುತ್ತದೆ, ಆ ಐಡಿ ಜೀವಂತ ಇರುವ ತನಕ ಹಣವೂ ಅಲ್ಲಿಗೇ ಹೋಗುತ್ತದೆ. ತಕ್ಕಡಿ ಹಿಂದೆ, ಗಲ್ಲಾಪೆಟ್ಟಿಗೆ ಮುಚ್ಚಳದ ಮೇಲೆ, ಸ್ಕೂಟರಿನ ಡಿಕ್ಕಿಯಲ್ಲಿ ಬಿದ್ದಿರುವ ಕಾರ್ಡಿನಲ್ಲಿ, ಎಲ್ಲ ಕಡೆ ಹುಡುಕಿ ಕೀಳಿ. ವಿನೈಲ್ ಬಿಡದೆ ಹಟ ಹಿಡಿದರೆ ಹೇರ್ ಡ್ರೈಯರ್ ಬಿಸಿ ತಾಗಿಸಿ, ಮೂಲೆಯಿಂದ ನಿಧಾನ ಎಳೆಯಿರಿ. ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸಾಕು.