ಗಿಟಾರೂ ಪಿಟೀಲೂ ಒಂದೇ ರಂಗದಲ್ಲಿ: ಮೂರು ವೀಡಿಯೊ, ಮೂರು ಭಾನುವಾರ

ಜುಲೈ ಮಳೆಗೆ ಡೊಂಬಿವಲಿಯಲ್ಲಿ ಭಾನುವಾರ ಮನೆಯಿಂದ ಹೊರಗೆ ಕಾಲಿಡುವ ಮಾತೇ ಇಲ್ಲ. ಈ ಸಲ ಊರಿಂದ ಅಪ್ಪಯ್ಯನೂ ಬಂದಿದ್ದರು. ಕುಂದಾಪುರದ ಕಡೆಯವರು, ಪ್ರಾಯದ ಕಾಲದಲ್ಲಿ ಯಕ್ಷಗಾನಕ್ಕೆ ಮದ್ದಳೆ ಬಾರಿಸಿದವರು. ಅವರಿಗೆ ನನ್ನ ಸಂಗೀತ ಆಗಿಬರುವುದಿಲ್ಲ, ನನಗೆ ಅವರ ನ್ಯೂಸ್ ಚಾನೆಲ್ ಆಗುವುದಿಲ್ಲ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಭಾನುವಾರಕ್ಕೊಂದರಂತೆ ಮೂರು ಕಾರ್ಯಕ್ರಮದ ವೀಡಿಯೊ ನೋಡುವುದು. ಮೂರರಲ್ಲೂ ರಾಕ್ ಬ್ಯಾಂಡಿನ ಜೊತೆ ಪೂರ್ತಿ ಸಿಂಫನಿ ಆರ್ಕೆಸ್ಟ್ರಾ ಇರಬೇಕು. ಮಧ್ಯೆ ಎದ್ದು ಹೋಗುವಂತಿಲ್ಲ, ಚಹಾಕ್ಕೆ ಮಾತ್ರ ರಜೆ.

ಆರಿಸಿಕೊಂಡದ್ದು ಇವು: ಮೆಟಾಲಿಕಾದ 1999ರ ಕಾರ್ಯಕ್ರಮ, ಅದೇ ಮೆಟಾಲಿಕಾ 20 ವರ್ಷ ಬಿಟ್ಟು 2019ರಲ್ಲಿ ಮಾಡಿದ್ದು, ಇವೆರಡಕ್ಕೂ ಅಜ್ಜನ ಹಾಗಿರುವ ಡೀಪ್ ಪರ್ಪಲ್‌ನ 1969ರ ಕಾರ್ಯಕ್ರಮ. ನಾನು ಮೆಟಾಲಿಕಾ ಪಕ್ಷದವನು ಅಂತ ಮೊದಲೇ ಹೇಳಿಬಿಡುತ್ತೇನೆ. 2011ರ ಅಕ್ಟೋಬರ್ 30ರಂದು ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಇಲ್ಲಿಂದ ರಾತ್ರಿ ಬಸ್ಸು ಹತ್ತಿ ಹೋಗಿದ್ದೆ. ಆ ಶೂಗಳ ಕೆಸರು ಪೂರ್ತಿ ಹೋಗಲೇ ಇಲ್ಲ.

ಮೊದಲ ಭಾನುವಾರ 1999. ಬರ್ಕ್ಲಿಯ ಕಮ್ಯುನಿಟಿ ಥಿಯೇಟರ್, ಸುಮಾರು ಮೂರೂವರೆ ಸಾವಿರ ಸೀಟಿನ ಸಭಾಂಗಣ. ಏಪ್ರಿಲ್ 21 ಮತ್ತು 22, ಎರಡು ರಾತ್ರಿಯ ರೆಕಾರ್ಡಿಂಗ್. ಜೊತೆಗೆ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿ, ಕೋಲು ಹಿಡಿದು ಆರ್ಕೆಸ್ಟ್ರಾ ನಡೆಸಿದವರು ಮೈಕೆಲ್ ಕೇಮನ್. ಮೆಟಾಲಿಕಾದವರು ವರ್ಷಗಟ್ಟಲೆ ರಂಗಕ್ಕೆ ಬರುವ ಮೊದಲು ಎನ್ನಿಯೊ ಮೊರಿಕೋನೆಯ ಒಂದು ಸಿನಿಮಾ ಸಂಗೀತವನ್ನು ಟೇಪಿನಲ್ಲಿ ಹಾಕುತ್ತಿದ್ದರು. ಇಲ್ಲಿ ಅದನ್ನೇ ಆರ್ಕೆಸ್ಟ್ರಾ ಎದುರಿಗೆ ಕೂತು ನುಡಿಸುತ್ತದೆ. ಅಲ್ಲಿಗೇ ನನ್ನ ಮೈ ಜುಂ ಅಂದಿತು.

ಅಪ್ಪಯ್ಯ ಮಾತ್ರ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇದ್ರಲ್ಲಿ ಭಾಗವತ ಯಾರು?"

ಯಕ್ಷಗಾನದಲ್ಲಿ ಹಾಡುತ್ತಾ ಆಟ ನಡೆಸುವವನೇ ಭಾಗವತ. ಕೋಲು ಹಿಡಿದ ಕೇಮನ್‌ರನ್ನು ತೋರಿಸಿದೆ.

"ಅವ ಹಾಡುದಿಲ್ವಾ?"

"ಇಲ್ಲ ಅಪ್ಪಯ್ಯ, ಕೈಬೀಸುದು ಅಷ್ಟೇ."

"ಮತ್ತೆ ಇವ್ರೆಲ್ಲ ಅವನನ್ನು ನೋಡುದೇ ಇಲ್ವಲ್ಲ!"

ನಾನು ಈ ವೀಡಿಯೊವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮುಂಬೈ ಕಾಲಾಘೋಡಾದ ಸಂಗೀತದ ಅಂಗಡಿ ರಿದಮ್ ಹೌಸ್ ಬಾಗಿಲು ಹಾಕುವುದಕ್ಕೂ ಎಷ್ಟೋ ವರ್ಷ ಮೊದಲು ಅಲ್ಲಿಂದಲೇ ಡಿವಿಡಿ ತಂದಿದ್ದೆ. ಆದರೆ ಈ ಮಾತು ಹೊಳೆದಿರಲಿಲ್ಲ. ನೋಡಿದರೆ ನಿಜ. ಬ್ಯಾಂಡಿನ ನಾಲ್ವರೂ ಜನರ ಕಡೆ ಮುಖ ಮಾಡಿ ನಿಂತಿದ್ದಾರೆ, ಹಿಂದೆ ಆರ್ಕೆಸ್ಟ್ರಾ ಕೇಮನ್‌ರ ಕಡೆ ನೋಡುತ್ತಿದೆ. ಇಬ್ಬರ ನಡುವೆ ಓಡಾಡುವುದು ಕೇಮನ್ ಒಬ್ಬರೇ. ಕ್ಯಾಮೆರಾ ಒಂದು ಕಡೆ ನಿಲ್ಲುವುದಿಲ್ಲ. ದೊಡ್ಡ ಪಿಟೀಲಿನಂಥ ಚೆಲ್ಲೊದ ಮೇಲೆ ಕಮಾನು ಇಳಿಯಿತು ಅನ್ನುವಷ್ಟರಲ್ಲಿ ಗಿಟಾರಿನವನ ಕೂದಲು ಬಂದಿರುತ್ತದೆ.

ಹಾಡು ನಿಧಾನದ್ದಾದರೆ ಎಲ್ಲ ಸರಿಹೋಗುತ್ತದೆ. 'ನಥಿಂಗ್ ಎಲ್ಸ್ ಮ್ಯಾಟರ್ಸ್'ಗೆ 1991ರ ರೆಕಾರ್ಡಿಂಗಿನಲ್ಲೇ ಆರ್ಕೆಸ್ಟ್ರಾ ಹೊಂದಿಸಿದ್ದವರು ಕೇಮನ್, ಹಾಗಾಗಿ ಅದು ಹೊಸ ಸೊಸೆಯ ಹಾಗೆ ಮುದುಡಿಕೊಂಡಿಲ್ಲ. ಈ ಕಾರ್ಯಕ್ರಮಕ್ಕೇ ಅಂತ ಕಟ್ಟಿದ 'ನೋ ಲೀಫ್ ಕ್ಲೋವರ್' ಕೂಡ ಹಾಗೇ. 'ಬ್ಯಾಟರಿ'ಯಂಥ ಓಟದ ಹಾಡಿನಲ್ಲಿ ಮಾತ್ರ ಪಿಟೀಲಿನವರು ಬಸ್ಸಿನ ಹಿಂದೆ ಓಡುವವರ ಹಾಗೆ ಕಾಣುತ್ತಾರೆ. ಕಮಾನು ಜೋರಾಗಿ ಆಡುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಬೀಳುವುದು ಡ್ರಮ್ಮೇ.

ಅದರಲ್ಲಿ ಅರ್ಧ ತಪ್ಪು ನನ್ನ ಸೌಂಡ್‌ಬಾರ್‌ದು. ಹೋದ ದೀಪಾವಳಿಯಲ್ಲಿ ಅಂಗಡಿಯವನ ಮಾತಿಗೆ ಮರುಳಾಗಿ ತಂದದ್ದು. ಕೆಳಗಿನ ಮನೆಯ ಕಾಕೂಗೆ ತೊಂದರೆ ಬೇಡ ಅಂತ ನೈಟ್ ಮೋಡ್ ಹಾಕಿಟ್ಟಿದ್ದೆ. ಅದು ಮಾಡುವ ಕೆಲಸ ಗೊತ್ತಲ್ವಾ? ಮೆಲ್ಲಗಿದ್ದದ್ದನ್ನು ಎತ್ತುತ್ತದೆ, ಜೋರಿದ್ದದ್ದನ್ನು ತುಳಿಯುತ್ತದೆ. ಧಾರಾವಾಹಿಯ ಮಾತು ಕೇಳಲು ಚೆನ್ನ. ಆರ್ಕೆಸ್ಟ್ರಾಕ್ಕೆ ಅದೇ ವಿಷ. ಒಬ್ಬರು ಮೆಲ್ಲಗೆ ಎಳೆಯುವುದಕ್ಕೂ ಅರವತ್ತು ಜನ ಒಟ್ಟಿಗೆ ಏರುವುದಕ್ಕೂ ಇರುವ ಅಂತರವೇ ಅಳಿಸಿಹೋಗುತ್ತದೆ. ನರಿಮನ್ ಪಾಯಿಂಟ್‌ನ ಕಲಾಕೇಂದ್ರ ಎನ್‌ಸಿಪಿಎಯಲ್ಲಿ ಒಮ್ಮೆ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದವರನ್ನು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೆ, ಮೈಕಿಲ್ಲದೆ. ಆಳೆತ್ತರದ ಪಿಟೀಲಿನಂಥ ಡಬಲ್ ಬೇಸ್‌ಗಳು ಶುರುವಾದಾಗ ಸದ್ದು ಕಿವಿಗಿಂತ ಮೊದಲು ಸೀಟಿನ ಕೈಗೆ ಬಂದಿತ್ತು. ಅದು ನೆನಪಾಗಿ ಸೌಂಡ್‌ಬಾರ್ ಬಿಚ್ಚಿದೆ. ಅಪ್ಪಯ್ಯ ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಲ್ಯಾಮಿಂಗ್ಟನ್ ರೋಡಿನಿಂದ ತಂದ ಸ್ಟೀರಿಯೊ ಮಾಳಿಗೆಯಲ್ಲಿತ್ತು. ಅದರ ಎರಡು ಡಬ್ಬಿ ಸ್ಪೀಕರ್ ಒರೆಸಿ, ಟೀವಿಗೆ ಸಿಕ್ಕಿಸಿ, ಗೋಡೆಯಿಂದ ಒಂದು ಮೊಳ ಮುಂದಕ್ಕೆ ಇಟ್ಟೆ. ಟೀವಿಯ ಸರೌಂಡ್ ಬಂದ್, ಬರೀ ಸ್ಟೀರಿಯೊ. ಕಾಕೂ ಮಧ್ಯಾಹ್ನ ಮಲಗುವ ಎರಡರಿಂದ ನಾಲ್ಕು ಬಿಟ್ಟು ಉಳಿದ ಹೊತ್ತು ನಮ್ಮದು ಅಂತ ಅವರ ಜೊತೆ ಮಾತಾಗಿದೆ.

ಆ ಡಬ್ಬಿಗಳಲ್ಲೇ ಎರಡನೇ ಭಾನುವಾರದ ಕಾರ್ಯಕ್ರಮ. 2019ರ ಸೆಪ್ಟೆಂಬರ್ 6 ಮತ್ತು 8, ಸ್ಯಾನ್ ಫ್ರಾನ್ಸಿಸ್ಕೊದ ಚೇಸ್ ಸೆಂಟರ್. ಆ ಕ್ರೀಡಾಂಗಣ ಶುರುವಾದದ್ದೇ ಈ ಕಾರ್ಯಕ್ರಮದಿಂದ. ಕೇಮನ್ 2003ರಲ್ಲೇ ತೀರಿಕೊಂಡಿದ್ದರು. ಈ ಸಲ ನಡೆಸಿದವರು ಎಡ್ವಿನ್ ಔಟ್‌ವಾಟರ್, ಮಧ್ಯೆ ಒಂದಷ್ಟು ಹೊತ್ತು ಆರ್ಕೆಸ್ಟ್ರಾದ ಹಿರಿಯ ನಿರ್ದೇಶಕ ಮೈಕೆಲ್ ಟಿಲ್ಸನ್ ಥಾಮಸ್.

ಮುಖ್ಯ ವ್ಯತ್ಯಾಸ ರಂಗದ್ದು. ಜನರ ನಡುವೆ ದುಂಡಗಿನ ರಂಗ, ಮಧ್ಯೆ ಬ್ಯಾಂಡು, ಸುತ್ತ ಆರ್ಕೆಸ್ಟ್ರಾ. ಬಯಲಾಟದ ಹಾಗೆ ಎಲ್ಲ ಕಡೆಯಿಂದ ಕಾಣಬೇಕು. ಹಾಗಾಗಿ ಯಾರೂ ಯಾರ ಹಿಂದೆಯೂ ಇಲ್ಲ. ಗಿಟಾರಿನವನು ಎರಡು ಹೆಜ್ಜೆ ಹಾಕಿದರೆ ಪಿಟೀಲಿನವರ ಎದುರಿಗೇ ಬರುತ್ತಾನೆ. ಅವರ ಮುಖದ ನಗು ಕಾಣುತ್ತದೆ. ಸದ್ದೂ ತೊಳೆದಿಟ್ಟ ಹಾಗಿದೆ, ಎಲ್ಲಿ ಊದುವ ಹಾರ್ನ್, ಎಲ್ಲಿ ಚೆಲ್ಲೊ ಅಂತ ಬೆರಳಿಟ್ಟು ತೋರಿಸಬಹುದು.

ನಡುವೆ ಒಂದು ತುಣುಕು ಬರುತ್ತದೆ, ರಷ್ಯಾದ ಮೊಸೊಲೊವ್ 1920ರ ದಶಕದಲ್ಲಿ ಬರೆದದ್ದು. ಕಬ್ಬಿಣದ ಕಾರ್ಖಾನೆಯ ಯಂತ್ರಗಳನ್ನು ಆರ್ಕೆಸ್ಟ್ರಾದಲ್ಲಿ ಕೇಳಿಸುವ ಸಂಗೀತ. ಬ್ಯಾಂಡೂ ಅದಕ್ಕೆ ಸೇರಿಕೊಳ್ಳುತ್ತದೆ. ಅಪ್ಪಯ್ಯ ತಟ್ಟನೆ, "ಇದು ನಮ್ಮ ಹಂಚಿನ ಕಾರ್ಖಾನೆ ಮಾರಾಯ!" ಅಂದರು. ನಾನು ಹೆಸರು ಹೇಳಿರಲೇ ಇಲ್ಲ.

ಅವರು ಬೆನ್ನು ನೆಟ್ಟಗೆ ಮಾಡಿ ಕೂತದ್ದು ಅದರ ನಂತರ. ಆರ್ಕೆಸ್ಟ್ರಾದ ಮುಖ್ಯ ಬೇಸ್ ವಾದಕ ಸ್ಕಾಟ್ ಪಿಂಗಲ್ ಒಬ್ಬರೇ ಮುಂದೆ ಬರುತ್ತಾರೆ. ಕೈಯಲ್ಲಿ ನಿಲ್ಲಿಸಿ ನುಡಿಸುವ ಎಲೆಕ್ಟ್ರಿಕ್ ಬೇಸ್. 1986ರಲ್ಲಿ ಸ್ವೀಡನ್ನಿನ ಬಸ್ ಅಪಘಾತದಲ್ಲಿ ತೀರಿಹೋದ ಮೆಟಾಲಿಕಾದ ಕ್ಲಿಫ್ ಬರ್ಟನ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಒಬ್ಬರೇ ನುಡಿಸಿದ್ದ ಬೇಸ್ ತುಣುಕನ್ನು ಇವರು ಕಮಾನಿನಲ್ಲಿ ಎತ್ತಿಕೊಳ್ಳುತ್ತಾರೆ. ಸ್ವರ ಒಡೆದು, ಗೊಗ್ಗರಾಗಿ, ಎಳೆ ಎಳೆಯಾಗಿ ಬರುತ್ತದೆ. ಜನಕ್ಕೆ ಇದೇನೆಂದು ಗುರುತು ಸಿಕ್ಕ ಆ ಗಳಿಗೆಯ ಕೂಗು ಕೇಳಬೇಕು. ಕೊನೆಗೆ ಡ್ರಮ್ ಬಂದು ಸೇರುತ್ತದೆ. ಅಪ್ಪಯ್ಯ ರಿಮೋಟ್ ಕಿತ್ತುಕೊಂಡು ಮೂರು ಸಲ ಹಿಂದೆ ಓಡಿಸಿದರು. ತೊಡೆಯ ಮೇಲೆ ಮದ್ದಳೆಯ ಬಿಡ್ತಿಗೆ ಬೇರೆ.

ಇಷ್ಟಾದರೂ ನನಗೆ ಇದರಲ್ಲಿ ಒಂದು ಕೊರತೆ ಕಾಣುತ್ತದೆ. ಎರಡೂವರೆ ಗಂಟೆಯ ಕಾರ್ಯಕ್ರಮ ಒಂದೇ ಸಮ ಹೊಳೆಯುತ್ತದೆ. 1999ರಲ್ಲಿ ಇದು ಕೈಕೊಡುತ್ತದೋ ಏನೋ ಅನ್ನುವ ಅಳುಕು ಇತ್ತು. ಇಲ್ಲಿ ಎಲ್ಲರಿಗೂ ದಾರಿ ಗೊತ್ತು. ಹೆಚ್ಚಿನ ಹಾಡುಗಳಿಗೆ ಹಳೆಯ ಬರವಣಿಗೆಯೇ ಬುನಾದಿ, ಹಾಡುವ ಜೇಮ್ಸ್ ಹೆಟ್‌ಫೀಲ್ಡ್‌ಗೂ 20 ವರ್ಷ ಜಾಸ್ತಿಯಾಗಿದೆ. ಆದರೆ ಒಂದು ಹಾಡಿನಲ್ಲಿ ಬ್ಯಾಂಡು ಪೂರ್ತಿ ಸುಮ್ಮನಾಗಿ, ಅವರು ಗಿಟಾರಿಲ್ಲದೆ ಆರ್ಕೆಸ್ಟ್ರಾದ ಜೊತೆ ಮಾತ್ರ ಹಾಡುತ್ತಾರೆ. ಕೈ ಎಲ್ಲಿಡಬೇಕೆಂದು ತಿಳಿಯದ ಹುಡುಗನ ಹಾಗೆ ನಿಂತಿರುತ್ತಾರೆ. ನನಗೆ ಆ ಕಾರ್ಯಕ್ರಮದಲ್ಲಿ ಬೇಕಾದದ್ದು ಅದೇ.

ಈ ನಡುವೆ ಸ್ಕಾರ್ಪಿಯನ್ಸ್ ಅನ್ನುವ ರಾಕ್ ಬ್ಯಾಂಡು 2000ದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಮಾಡಿದ್ದನ್ನೂ ನೋಡಿದೆ, ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ, ಘಾಟ್ಕೋಪರ್‌ವರೆಗೆ, ಇಯರ್‌ಫೋನ್ ಸಿಕ್ಕಿಸಿಕೊಂಡು. ಹಾಡುಗಳೇ ಮೆತ್ತಗಿವೆ, ಅದರ ಮೇಲೆ ಪಿಟೀಲು ಸುರಿದರೆ ಹೋಳಿಗೆಗೆ ಸಕ್ಕರೆ ಉದುರಿಸಿದ ಹಾಗೆ. ಠಾಣೆ ದಾಟುವಷ್ಟರಲ್ಲಿ ಸಾಕೆನಿಸಿತು. ರೈಲಿನ ಗದ್ದಲದಲ್ಲಿ ಆರ್ಕೆಸ್ಟ್ರಾದ ಮೆಲುದನಿ ಕೇಳುವುದೂ ಇಲ್ಲ ಅನ್ನಿ.

ಮೂರನೆಯದಕ್ಕೆ ನನಗೆ ಅಂಥ ಆಸೆ ಇರಲಿಲ್ಲ. 1969ರ ಸೆಪ್ಟೆಂಬರ್ 24, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್, ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ, ನಡೆಸುವವರು ಮಾಲ್ಕಮ್ ಆರ್ನಾಲ್ಡ್. ಹಳೆ ಫಿಲ್ಮು, ಬಣ್ಣ ಮಾಸಿದೆ. ಟೀವಿಯಲ್ಲಿ ಚಿತ್ರವನ್ನು ನಯಗೊಳಿಸುವ ಸೆಟ್ಟಿಂಗ್ ಒಂದಿರುತ್ತದೆ, ಅದನ್ನು ಮೊದಲು ಆಫ್ ಮಾಡಿ. ಇಲ್ಲದಿದ್ದರೆ 1969 ಹೋಗಿ ಮಧ್ಯಾಹ್ನದ ಧಾರಾವಾಹಿ ಆಗುತ್ತದೆ.

ಇದು ಹಾಡಿಗೆ ಆರ್ಕೆಸ್ಟ್ರಾ ಅಂಟಿಸಿದ್ದಲ್ಲ. ಕೀಬೋರ್ಡಿನ ಜಾನ್ ಲಾರ್ಡ್ ಆರ್ಕೆಸ್ಟ್ರಾಕ್ಕೂ ಬ್ಯಾಂಡಿಗೂ ಸೇರಿಸಿ ಮೂರು ಭಾಗದ ಒಂದು ಕೃತಿಯನ್ನೇ ಬರೆದಿದ್ದರು. ಶುರುವಿನಲ್ಲಿ ಆರ್ಕೆಸ್ಟ್ರಾ ಒಂದೇ, ನಿಮಿಷಗಟ್ಟಲೆ. ಬ್ಯಾಂಡಿನ ಐವರು ಸುಮ್ನೆ ಕಾಯುತ್ತಾರೆ. ಕೋಲಿನ ಸನ್ನೆ ಬಂತೋ, ಒಮ್ಮೆಗೇ ಮೇಲೆ ಬೀಳುತ್ತಾರೆ. ಆಮೇಲೆ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್‌ಗೆ ಅವಕಾಶ, ಆಗ ಕಾಯುವ ಸರದಿ ಆರ್ಕೆಸ್ಟ್ರಾದ್ದು. ಪಿಟೀಲು ಮಡಿಲಲ್ಲಿಟ್ಟುಕೊಂಡು ಕೂತ ಆ ಗಂಭೀರ ಮುಖಗಳನ್ನು ನೋಡಿ. ಕೆಲವರಿಗೆ ಈ ಉದ್ದ ಕೂದಲಿನ ಹುಡುಗರ ಸಹವಾಸ ಬೇಡವಾಗಿತ್ತಂತೆ, ಆರ್ನಾಲ್ಡ್ ಗದರಿಸಿ ದಾರಿಗೆ ತಂದರಂತೆ. ಮೂರನೇ ಭಾಗದಲ್ಲಿ ಇಯಾನ್ ಪೇಸ್ ಒಬ್ಬರೇ ಡ್ರಮ್ ಬಾರಿಸುತ್ತಾರೆ. ಆಗ ಅವರಿಗೆ 21.

"ಹಾಂ, ಇಲ್ಲಿ ಭಾಗವತ ಇದ್ದಾನೆ ನೋಡು," ಅಂದರು ಅಪ್ಪಯ್ಯ. "ಎಲ್ರೂ ಅವನನ್ನೇ ಕಾಣ್ತಾ ಇದ್ರ್."

ಸದ್ದಿನಲ್ಲಿ ಇದು ಕೊನೆಯ ಸ್ಥಾನ, ಚಿತ್ರದಲ್ಲೂ ಅಷ್ಟೇ. ಎರಡನೇ ಭಾಗ ಎಳೆಯುತ್ತದೆ, ನಾನು ಒಮ್ಮೆ ತೂಕಡಿಸಿದೆ. ಆದರೂ ಟೀವಿ ಮುಂದೆ ಕೂತು ನೋಡಲಿಕ್ಕೆ ಮೂರರಲ್ಲಿ ನಾನು ಆರಿಸುವುದು ಇದನ್ನೇ. ಸ್ಪೀಕರ್ ಹಾಕಿ ಕೇಳಲಿಕ್ಕೆ 2019. ಕಣ್ಣು ಮುಚ್ಚಿ, ಸೌತೆ ಹೆಚ್ಚುತ್ತಾ, ಯಾವ ಹಾಡು ಬಂದರೂ ಸರಿ ಅನ್ನುವುದಾದರೆ ಹಳೆ ಪ್ರೀತಿಯ 1999.

ಲಾರ್ಡ್ ಬರೆದ ಆ ಕೃತಿಯ ಸ್ವರಲಿಪಿ 1970ರಲ್ಲಿ ಕಳೆದೇಹೋಯಿತು. ಆಮೇಲೆ ನೆದರ್ಲೆಂಡ್ಸ್‌ನ ಮಾರ್ಕೊ ಡೆ ಗೋಯ್ ಅನ್ನುವ ಸಂಯೋಜಕ ಆಲ್ಬಮ್ ಕೇಳಿ ಕೇಳಿ, ನಾವು ನೋಡಿದ ಇದೇ ವೀಡಿಯೊ ನೋಡಿ ನೋಡಿ, ಆರ್ಕೆಸ್ಟ್ರಾದ ಒಂದೊಂದೇ ಸ್ವರವನ್ನು ಮತ್ತೆ ಬರೆದರು. ಲಾರ್ಡ್ ಜೊತೆ ಕೂತು ಅದನ್ನು ತಿದ್ದಿದರು. 1999ರ ಸೆಪ್ಟೆಂಬರಿನಲ್ಲಿ ಅದೇ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ಡೀಪ್ ಪರ್ಪಲ್ ಮತ್ತೆ ನುಡಿಸಿತು. ಇದನ್ನು ಅಪ್ಪಯ್ಯನಿಗೆ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಅವರೂ ಕ್ಯಾಸೆಟ್ ಹಿಂದೆ ಮುಂದೆ ಓಡಿಸಿಯೇ ಮದ್ದಳೆಯ ಎಷ್ಟೋ ಪೆಟ್ಟು ಕಲಿತವರು. ಪೆನ್ಸಿಲ್ ಸಿಕ್ಕಿಸಿ ರೀಲು ಸುತ್ತಿದ ಬೆರಳು ತೋರಿಸಿದರು.

ನಾಲ್ಕನೇ ಭಾನುವಾರಕ್ಕೆ ಡೀಪ್ ಪರ್ಪಲ್‌ನ ಆ 1999ರದ್ದನ್ನು ಹುಡುಕಿಟ್ಟಿದ್ದೇನೆ. ಊರಿನ ಬಸ್ಸು ಸೋಮವಾರಕ್ಕೆ ಬದಲಾಯಿಸು ಅಂದಿದ್ದಾರೆ.